ಅತ್ತೆ ಓಡಿಸಿದ ಬಸ್ಸು

ಸೊಸೆಯಾದವಳು ಅತ್ತೆಯ ಬಗ್ಗೆ ಬರೆಯಲು ಕೂತಳೆಂದರೆ ದೂರು ಹೇಳುವುದಕ್ಕೇ ಇರಬೇಕು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ. ದೂರು ಇರುವುದು ನಿಜ, ಆದರೆ ಅತ್ತೆಯ ಮೇಲಲ್ಲ. ನಾನು ನೀರು ಸರಬರಾಜು ಕಚೇರಿಯಲ್ಲಿ ದೂರು ಬರೆದುಕೊಳ್ಳುವ ಮೇಜಿನಲ್ಲಿ ಕೂರುವವಳು. ಹದಿಮೂರು ವರ್ಷದಿಂದ ಊರವರ ದೂರನ್ನೆಲ್ಲ ಬರೆದುಕೊಂಡಿದ್ದೇನೆ. ಇದೊಂದು ನನ್ನದು. ಓದುವವರು ಸ್ವಲ್ಪ ತಾಳ್ಮೆ ಇಟ್ಟುಕೊಂಡು ಓದಬೇಕು, ಬರೆಯುವವಳಿಗಂತೂ ಅದು ಇಲ್ಲ.

ನನ್ನ ಅತ್ತೆ ಕಿವಿ ಮಷೀನು ರಿಪೇರಿ ಮಾಡುವವರು. ಮುಂದೆ ಕನ್ನಡಕ ಮಾರುವ ಅಂಗಡಿ, ಹಿಂದೆ ಒಂದು ಪರದೆ, ಪರದೆಯ ಹಿಂದೆ ಬಾಗಿಲಗಲದ ಒಂದು ಮೇಜು. ಆ ಮೇಜಿನ ಮುಂದೆ ಮೂವತ್ತನಾಲ್ಕು ವರ್ಷ ಕೂತಿದ್ದಾರೆ. ಕಣ್ಣಿಗೆ ಭೂತಗನ್ನಡಿ, ಒಂದು ಕೈಯಲ್ಲಿ ಚಿಮಟ, ಇನ್ನೊಂದರಲ್ಲಿ ಸೂಜಿಯಷ್ಟು ಸಣ್ಣ ಮೊನೆಯ ಸಾಲ್ಡರಿಂಗ್ ಕಡ್ಡಿ. ತಲೆಗೂದಲಿಗಿಂತ ತೆಳುವಾದ ತಂತಿಯನ್ನು ಅವರು ಬೆಸೆಯುವುದನ್ನು ನಾನು ನೋಡಿದ್ದೇನೆ. ನೋಡುವಾಗ ನಾನೇ ಉಸಿರು ಬಿಗಿಹಿಡಿದಿದ್ದೆ, ಅವರು ಆರಾಮಾಗಿ ಸಂಜೆ ಏನು ಅಡುಗೆ ಎಂದು ವಿಚಾರಿಸುತ್ತಿದ್ದರು. ಬರುವ ಗಿರಾಕಿಗಳಿಗೆಲ್ಲ ಕಿವಿ ಮಂದ. ಹಾಗಾಗಿ ಅತ್ತೆ ಯಾರ ಜೊತೆ ಮಾತಾಡಿದರೂ ಮುಖಕ್ಕೆ ಮುಖ ಕೊಟ್ಟು, ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಆಡುತ್ತಾರೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ, ಹುಡುಗಿಗೆ ಕಿವಿ ಕೇಳುವುದಿಲ್ಲವೆಂದು ಯಾರೋ ಇವರಿಗೆ ಹೇಳಿಟ್ಟಿದ್ದಾರೆ ಎಂದೇ ತಿಳಿದಿದ್ದೆ.

ಅವರಿಗೆ ಸಿಟ್ಟು ಬರುವುದಿಲ್ಲ. ಮನೆಯ ಪಾಲಿನ ಸಿಟ್ಟನ್ನೆಲ್ಲ ನಾನೇ ನೋಡಿಕೊಳ್ಳುತ್ತೇನೆ. ನನ್ನ ಗಂಡನಿಗೂ ಬರುವುದಿಲ್ಲ, ಆದರೆ ಅದು ಬೇರೆ ಥರ. ಅತ್ತೆಯದು ತಾಳ್ಮೆ, ಇವರದು ಅಡ್ಡಗೋಡೆಯ ಮೇಲೆ ದೀಪ ಇಡುವ ಜಾಯಮಾನ. ಅನ್ನ ಬೇಕಾ ಚಪಾತಿ ಬೇಕಾ ಎಂದು ಕೇಳಿದರೆ, "ನಿಮಗೆಲ್ಲ ಯಾವುದೋ ನನಗೂ ಅದೇ" ಅನ್ನುವವರು. ಒಳ್ಳೆಯ ಮನುಷ್ಯ ಎಂದು ಎಲ್ಲರೂ ಹೊಗಳುತ್ತಾರೆ. ನಾನೂ ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ.

ಮಾವ ಮಾದರಿ ರೈಲು ಸಂಘದ ಸದಸ್ಯರಾಗಿದ್ದರು. ಆಟದ ರೈಲು ಅನ್ನಬಾರದು. ಅಂದರೆ ಸಂಘದವರಿಗೆಲ್ಲ ಚೇಳು ಕುಟುಕಿದ ಹಾಗಾಗುತ್ತದೆ. ಟೈರು ಗೋದಾಮಿನ ಮೇಲಿನ ಉದ್ದನೆಯ ಕೋಣೆ. ಕೋಣೆ ತುಂಬ ಎದೆಯೆತ್ತರದ ಒಂದು ಮೇಜು, ಬಳೆಯ ಹಾಗೆ ಸುತ್ತು ಬಂದು ನಡುವೆ ಜಾಗ ಬಿಟ್ಟಿರುವಂಥದ್ದು. ಮೇಜಿನ ಮೇಲೆ ಬೆಟ್ಟ, ಸುರಂಗ, ಸ್ಟೇಷನ್, ಸೇತುವೆ, ಉಗುರಿನಷ್ಟು ಎತ್ತರದ ಜನ, ಗೇಣುದ್ದದ ಬೋಗಿಗಳು. ರೈಲು ಓಡಿಸುವವರು ನಡುವಿನ ಖಾಲಿ ಜಾಗದಲ್ಲಿ ನಿಂತು ಗುಂಡಿ ಒತ್ತುತ್ತಾರೆ. ಅಲ್ಲಿಗೆ ಹೋಗಬೇಕಾದರೆ ಮೇಜಿನ ಕೆಳಗೆ ನುಸುಳಬೇಕು. ಆ ಜಾಗಕ್ಕೆ ಅವರು ಇಟ್ಟ ಹೆಸರು 'ಒಳಗೆ', ಅಷ್ಟೇ. ಸದಸ್ಯರು ಏಳೇ ಜನ. ಒಳಗೆ ಏಳು ಸ್ಟೂಲು. ಎಂಟನೆಯವರು ಯಾರೇ ಆಗಲಿ, ಮಂತ್ರಿಯೇ ಬರಲಿ, ಹೊರಗೆ ನಿಂತು ನೋಡಬೇಕು.

ಅತ್ತೆ ಹೊರಗೆ ನಿಂತವರು. ಒಟ್ಟು ಇಪ್ಪತ್ತೊಂದು ವರ್ಷ ನಿಂತರು. ಮಾವ ಇದ್ದಾಗ ಪ್ರತಿ ಶನಿವಾರ ಅವರ ಜೊತೆ ಹೋಗಿ, ತಾಮ್ರದ ತಂತಿ ಹೆಣೆದು ಸ್ಪಂಜಿನ ಚೂರು ಅಂಟಿಸಿ ಮರ ಮಾಡಿಕೊಡುತ್ತಿದ್ದರು. ಆ ಬೆಟ್ಟದ ಮೇಲಿನ ಅಷ್ಟೂ ಮರ ಅವರದು. ಮರ ಮಾಡಿ ಮೇಜಿನ ಈಚೆಯಿಂದ ಕೈ ಚಾಚಿ ಕೊಟ್ಟರೆ, ಒಳಗಿನವರು ತೆಗೆದುಕೊಂಡು ನೆಡುತ್ತಿದ್ದರು. ಆರು ವರ್ಷದ ಹಿಂದೆ ಮಾವ ತೀರಿಕೊಂಡಾಗ ಏಳನೆಯ ಸ್ಟೂಲು ಖಾಲಿಯಾಯಿತು. ಈಗಲಾದರೂ ಕರೆದಾರು ಎಂದು ನಾನು ಕಾದೆ. ಕರೆದರು, ನನ್ನ ಗಂಡನನ್ನು! ಅಪ್ಪನ ಜಾಗ ಮಗನಿಗೆ, ಅದು ಸಂಘದ ಪದ್ಧತಿಯಂತೆ. ಎಂಜಿನ್ನಿನ ಮುಂದು ಯಾವುದು ಹಿಂದು ಯಾವುದು ಎಂದು ಗೊತ್ತಿಲ್ಲದ ಮನುಷ್ಯನಿಗೆ ಕೂತಲ್ಲೇ ಸದಸ್ಯತ್ವ ಬಂತು. ಇವರು ವರ್ಷಕ್ಕೊಮ್ಮೆ ಹೋಗುತ್ತಾರೆ, ಟೀ ಕುಡಿದು ಬರುತ್ತಾರೆ. ಅತ್ತೆ ಮಾತ್ರ ತಪ್ಪದೆ ಪ್ರತಿ ಶನಿವಾರ ಹೋಗಿ ಹೊರಗೆ ನಿಂತರು.

"ನಿಮಗೆ ಏನೂ ಅನ್ನಿಸಲ್ವಾ ಅತ್ತೆ?" ಎಂದು ಕೇಳಿದ್ದೆ.

"ಅನ್ನಿಸುತ್ತೆ. ಮರಕ್ಕೆ ಹಸಿರು ಸ್ವಲ್ಪ ಜಾಸ್ತಿ ಆಯ್ತೇನೋ ಅನ್ನಿಸುತ್ತೆ" ಎಂದರು.

ಬಸ್ಸಿನ ಹುಚ್ಚು ಹಿಡಿದದ್ದು ಅದಾದ ಮೇಲೆ. ಮೇಜಿನ ಮೇಲೆ ಒಂದು ರಸ್ತೆ ಇತ್ತು. ಸ್ಟೇಷನ್ನಿನ ಮುಂದಿನಿಂದ ಹೊರಟು ಪೇಟೆ ಸುತ್ತಿ, ರೈಲ್ವೆ ಗೇಟು ದಾಟಿ, ಮತ್ತೆ ಸ್ಟೇಷನ್ನಿಗೇ ಬರುವ ರಸ್ತೆ. ಅದರ ಮೇಲೆ ಒಂದು ನೀಲಿ ಬಸ್ಸು, ಎರಡು ಲಾರಿ, ಒಂದು ಸೈಕಲ್ಲು. ಎಲ್ಲವನ್ನೂ ಗೋಂದು ಹಾಕಿ ಅಂಟಿಸಿದ್ದರು. ಗೇಟನ್ನೂ ಮುಚ್ಚಿದ ಹಾಗೇ ಅಂಟಿಸಿದ್ದರು. ಹದಿನಾರು ವರ್ಷದಿಂದ ಆ ಬಸ್ಸು ಮುಚ್ಚಿದ ಗೇಟಿನ ಮುಂದೆ ನಿಂತೇ ಇತ್ತು. ಒಂದು ಶನಿವಾರ ಅತ್ತೆ ಅಧ್ಯಕ್ಷರನ್ನು ಕೇಳಿದರು, "ಈ ಬಸ್ಸು ಯಾವಾಗ ಹೊರಡುತ್ತೆ?"

ಅಧ್ಯಕ್ಷರೆಂದರೆ ಬಟ್ಟೆ ಅಂಗಡಿ ಇಟ್ಟು ಮುಚ್ಚಿದವರು. ಜೀವಮಾನದಲ್ಲಿ ರೈಲ್ವೆ ಇಲಾಖೆಯ ಮೆಟ್ಟಿಲು ಹತ್ತಿದವರಲ್ಲ, ಆದರೂ ಎಲ್ಲರೂ ಅವರನ್ನು ಸ್ಟೇಷನ್ ಮಾಸ್ಟರ್ ಅಂತಲೇ ಕರೆಯುವುದು. ಹಾಗೆ ಕರೆದರೆ ಅವರ ಎದೆ ಅರ್ಧ ಇಂಚು ಮುಂದೆ ಬರುತ್ತದೆ. ಅವರು ನಕ್ಕರು. "ಹೊರಡಲ್ಲಮ್ಮ. ಹಳಿ ಮೇಲೆ ಓಡದೆ ಇರೋದು ಯಾವುದೂ ಈ ಮೇಜಿನ ಮೇಲೆ ಅಲುಗಾಡಬಾರದು. ಅದು ನಮ್ಮ ನಿಯಮ."

ನಿಯಮವಂತೆ! ಏಳು ಜನ ಗಂಡಸರು ಸೇರಿ, ಗೊಂಬೆ ಬಸ್ಸು ಅಲುಗಾಡಬಾರದು ಎಂದು ನಿಯಮ ಮಾಡಿಕೊಂಡಿದ್ದಾರೆ! ಅದನ್ನು ಕೇಳಿ ನನಗೆ ಪಿತ್ತ ನೆತ್ತಿಗೇರಿತು. ಅತ್ತೆ ಮಾತ್ರ ಮನೆಗೆ ಬಂದು, ಊಟದ ಮೇಜಿನ ಮೇಲೊಂದು ಪ್ಲೈವುಡ್ ಹಲಗೆ ಇಟ್ಟುಕೊಂಡು ಕೂತರು. ಎಂಟು ತಿಂಗಳು ನಾವು ಅಡುಗೆಮನೆಯ ಕಟ್ಟೆಯ ಮೇಲೆ ತಟ್ಟೆ ಇಟ್ಟುಕೊಂಡು ನಿಂತೇ ಉಂಡೆವು.

ಅದರ ಗುಟ್ಟು ಹೇಳುತ್ತೇನೆ, ಏನೂ ಕಷ್ಟವಿಲ್ಲ; ಸ್ಟೇಷನ್ ಮಾಸ್ಟರನ್ನು ಬಿಟ್ಟು ಬೇರೆ ಯಾರಿಗಾದರೂ ಅರ್ಥವಾಗುತ್ತದೆ. ರಸ್ತೆಯ ನಡುವೆ ಸಣ್ಣದೊಂದು ಗೆರೆ ಕೊರೆದು ಅದರೊಳಗೆ ಕಬ್ಬಿಣದ ತಂತಿ ಕೂರಿಸಬೇಕು. ಮೇಲೆ ಗೋಡೆಯ ಪುಟ್ಟಿ ಬಳಿದು, ನಯ ಮಾಡಿ, ಬೂದುಬಣ್ಣ ಹಚ್ಚಿದರೆ ತಂತಿ ಇದೆಯೆಂದೇ ಗೊತ್ತಾಗುವುದಿಲ್ಲ. ಬಸ್ಸಿನ ಮುಂದಿನ ಚಕ್ರಗಳಿಗೆ ಸೇರಿಸಿ ಒಂದು ಕಡ್ಡಿ, ಕಡ್ಡಿಯ ತುದಿಗೆ ಅಕ್ಕಿಕಾಳಷ್ಟು ಅಯಸ್ಕಾಂತ. ತಂತಿ ಹೋದತ್ತ ಅಯಸ್ಕಾಂತ, ಅಯಸ್ಕಾಂತ ತಿರುಗಿದತ್ತ ಚಕ್ರ. ತಂತಿಯ ಕೆಲಸ ದಾರಿ ತೋರಿಸುವುದು ಮಾತ್ರ. ಬಸ್ಸನ್ನು ಓಡಿಸುವುದು ಅದರ ಹೊಟ್ಟೆಯೊಳಗಿನ ಮೋಟಾರು ಮತ್ತು ಚಾರ್ಜು ಮಾಡುವ ಬ್ಯಾಟರಿ. ಮೋಟಾರು ಹಳೆಯ ಕ್ಯಾಮೆರಾದ್ದು, ಬ್ಯಾಟರಿ ಕಿವಿ ಮಷೀನಿನದು. ನಿಲ್ಲಬೇಕಾದ ಕಡೆ ರಸ್ತೆಯ ಕೆಳಗೊಂದು ತಂತಿಸುರುಳಿ. ಅದಕ್ಕೆ ಕರೆಂಟು ಕೊಟ್ಟರೆ ಬಸ್ಸಿನೊಳಗಿನ ಪುಟ್ಟ ಸ್ವಿಚ್ಚು ಬಿಟ್ಟುಕೊಂಡು ಮೋಟಾರು ನಿಲ್ಲುತ್ತದೆ, ತೆಗೆದರೆ ಹೊರಡುತ್ತದೆ. ಅಂಥ ಸುರುಳಿ ಸುತ್ತಿ ಸುತ್ತಿಯೇ ಅತ್ತೆಯ ಬೆರಳು ಸವೆದಿದ್ದು.

ಮೊದಲ ದಿನ ಬಸ್ಸು ಹೊರಟು ಒಂದು ಗೇಣು ಹೋಗಿ, ರಸ್ತೆ ಬಿಟ್ಟು ಪಕ್ಕದಲ್ಲಿದ್ದ ಸ್ಟೀಲ್ ಲೋಟಕ್ಕೆ ಹೋಗಿ ಅಂಟಿಕೊಂಡಿತು. ನನ್ನ ಗಂಡ, "ಪಾಪ, ಬಾಯಾರಿಕೆ ಆಗಿರಬೇಕು" ಎಂದರು. ಅತ್ತೆಗೆ ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಆಮೇಲೆ ಮನೆಯ ಸ್ಟೀಲ್ ಪಾತ್ರೆಗಳೆಲ್ಲ ಊಟದ ಕೋಣೆಯಿಂದ ಗಡೀಪಾರಾದವು. ಐದನೆಯ ತಿಂಗಳಲ್ಲಿ ಬಸ್ಸು ಹಲಗೆಯನ್ನು ಪೂರ್ತಿ ಒಂದು ಸುತ್ತು ಬಂತು. ಅತ್ತೆ ಕುರ್ಚಿಯಿಂದ ಎದ್ದು ನಿಂತು, "ನೋಡೇ, ನೋಡೇ, ತಿರುವು ತಗೊಳ್ತು!" ಎಂದು ಕೂಗಿದರು. ಅವರು ಅಷ್ಟು ಗಟ್ಟಿಯಾಗಿ ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆ ದಿನ ನನಗೆ ತಿಳಿಯಿತು, ಈ ಹೆಂಗಸಿಗೆ ಬೇಕಾದದ್ದು ಬೇರೇನೂ ಅಲ್ಲ. ಸಂಘದ ಮೇಜಿನ ಮೇಲೆ ಆ ಬಸ್ಸು ಹೊರಡಬೇಕು, ಹೊರಡಿಸುವುದು ತಮ್ಮ ಕೈಯಿಂದಲೇ ಆಗಬೇಕು.

ಹಲಗೆಯನ್ನು ಸಂಘಕ್ಕೆ ಹೊತ್ತುಕೊಂಡು ಹೋಗಿ ತೋರಿಸಿದೆವು. ಕಾರ್ಯದರ್ಶಿಯಾಗಿದ್ದ ಹಲ್ಲಿನ ಡಾಕ್ಟರು ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. ಸ್ಟೇಷನ್ ಮಾಸ್ಟರ್ ಮೂಗು ಮುರಿದರು. "ಚೆನ್ನಾಗಿದೆ. ಮನೇಲಿ ಇಟ್ಕೊಳ್ಳಿ" ಎಂದರು. ಎರಡು ತಿಂಗಳಾದ ಮೇಲೆ ಗಾಳಿ ತಿರುಗಿತು. ಸಂಘದ ಮೇಜನ್ನು ಎರಡು ದಿನ ಊರವರಿಗೆ ತೆರೆದಿಡುವುದೆಂದು ನಿಶ್ಚಯವಾಗಿತ್ತು. ಪಕ್ಕದ ಊರಿನ ಸಂಘದಲ್ಲಿ ಆಗಲೇ ರಸ್ತೆಯ ಮೇಲೆ ಗಾಡಿಗಳು ಓಡಾಡುತ್ತಿವೆ ಎಂದು ಯಾರೋ ಸುದ್ದಿ ತಂದರು. ಅವತ್ತೇ ಸಂಜೆ ಸ್ಟೇಷನ್ ಮಾಸ್ಟರ್ ನಮ್ಮ ಮನೆಗೆ ಬಂದು, ಸೋಫಾದ ತುದಿಯಲ್ಲಿ ಕೂತು, "ನಾವು ರಸ್ತೆ ಸಂಚಾರ ಶುರು ಮಾಡೋದು ಅಂತ ತೀರ್ಮಾನ ಮಾಡಿದೀವಿ" ಎಂದರು.

ನಾವು! ಆ 'ನಾವು' ಕೇಳಿ ನನ್ನ ಕೈಯಲ್ಲಿದ್ದ ಟೀ ಲೋಟ ಅವರ ತಲೆಯ ಮೇಲೆ ಬೋರಲಾಗದೆ ಉಳಿದದ್ದು ಅವರ ಪುಣ್ಯ. ಅತ್ತೆ ಆಗಲಿ ಎಂದರು. ಒಂದೇ ಒಂದು ಕೇಳಿಕೊಂಡರು: "ಗೇಟಿನ ಹತ್ತಿರ ರಸ್ತೆ ಒಳಗಿನ ಅಂಚಿಗಿದೆ. ಹೊರಗಿಂದ ಕೈ ಎಟುಕಲ್ಲ. ಕೆಲಸಕ್ಕೆ ನಾನು ಒಳಗೆ ಬರಬೇಕಾಗುತ್ತೆ."

"ಅದಕ್ಕೇನಮ್ಮ, ನೀವು ಹೊರಗಿಂದ ಹೇಳಿ, ಡಾಕ್ಟರು ಒಳಗಿಂದ ಮಾಡ್ತಾರೆ" ಎಂದರು ಮಹಾನುಭಾವರು.

ಹಾಗೇ ಆಯಿತು. ಹೊರಗಿನ ಮುಕ್ಕಾಲು ಭಾಗ ಅತ್ತೆ ಸ್ಟೂಲು ಹತ್ತಿ, ಹೊಟ್ಟೆಯನ್ನು ಮೇಜಿನಂಚಿಗೆ ಒತ್ತಿಕೊಂಡು, ಕೈ ಚಾಚಿ ಚಾಚಿ ಮಾಡಿದರು. ಉಳಿದ ಕಾಲು ಭಾಗಕ್ಕೆ, ಇಲ್ಲಿ ಕೊರೀರಿ, ಅಲ್ಲಿ ಬೆಸೀರಿ, ಇನ್ನೂ ಎಡಕ್ಕೆ, ಇನ್ನೂ ಎಡಕ್ಕೆ ಎಂದು ಹೊರಗಿನಿಂದ ಹೇಳಿದರು. ಹಲ್ಲಿನ ಡಾಕ್ಟರು ಒಳ್ಳೆಯವರು, ಕೈಯೂ ಕುದುರಿದ ಕೈ. ಆದರೂ ಅರ್ಧ ದಿನದ ಕೆಲಸ ಐದು ವಾರ ಹಿಡಿಯಿತು. ಅಂಟಿಸಿದ ಗೇಟನ್ನು ಬಿಡಿಸುವಾಗ ಸ್ಟೇಷನ್ ಮಾಸ್ಟರ್ ಸಾವಿನ ಮನೆಯಲ್ಲಿ ನಿಂತವರ ಹಾಗೆ ನಿಂತಿದ್ದರು. ರೈಲು ಬರುವ ಮುಂಚೆ ಗೇಟು ತಾನಾಗಿ ಮುಚ್ಚಬೇಕು, ಬಸ್ಸು ನಿಲ್ಲಬೇಕು, ರೈಲು ಹೋದ ಮೇಲೆ ಗೇಟು ತೆರೆದು ಬಸ್ಸು ಹೊರಡಬೇಕು; ಅದಷ್ಟನ್ನೂ ಅತ್ತೆ ಹಳಿಯ ಕೆಳಗೆ ಸ್ವಿಚ್ಚು ಹಾಕಿಸಿ ಹೊಂದಿಸಿದರು.

"ನಮ್ಮ ಎಕ್ಸ್‌ಪ್ರೆಸ್ ಬಸ್ಸಿಗೋಸ್ಕರ ನಿಲ್ಲಲ್ಲ, ಹೇಳಿರ್ತೀನಿ" ಎಂದರು ಸ್ಟೇಷನ್ ಮಾಸ್ಟರ್.

"ಬೇಡ. ನಿಲ್ಲೋದೆಲ್ಲ ಬಸ್ಸೇ ನಿಲ್ಲುತ್ತೆ" ಎಂದರು ಅತ್ತೆ.

ಪ್ರದರ್ಶನದ ಹಿಂದಿನ ದಿನ ಬಸ್ಸನ್ನು ಸಂಘದ ಬೀರುವಿನಲ್ಲಿಡಬೇಕೆಂದು ಇಸಿದುಕೊಂಡರು. ಅತ್ತೆ ಒಂದು ಚೀಟಿ ಬರೆದುಕೊಟ್ಟರು, ದೊಡ್ಡ ದೊಡ್ಡ ಅಕ್ಷರದಲ್ಲಿ: ಬ್ಯಾಟರಿ ಪೂರ್ತಿ ಚಾರ್ಜು ಮಾಡಿ. ನಲವತ್ತು ನಿಮಿಷಕ್ಕೊಮ್ಮೆ ಬದಲಾಯಿಸಿ. ರಸ್ತೆಯನ್ನು ಮುಟ್ಟಬೇಡಿ. ಆ ಚೀಟಿಯ ಮೇಲೆ ಮಾರನೆಯ ಬೆಳಿಗ್ಗೆ ಯಾರದೋ ಟೀ ಲೋಟ ಕೂತಿತ್ತು.

ಬೆಳಿಗ್ಗೆ ನಾವು ಹೋದಾಗ ಬಾಗಿಲಲ್ಲಿ ಬೋರ್ಡು. 'ಚಲಿಸುವ ರಸ್ತೆ ವಾಹನಗಳು: ಅಧ್ಯಕ್ಷರ ಮಾರ್ಗದರ್ಶನದಲ್ಲಿ ಸಂಘದ ಸದಸ್ಯರಿಂದ.' ನಾನು ಎರಡು ಸಲ ಓದಿದೆ. ಅತ್ತೆಯನ್ನು ಬಾಗಿಲ ಬಳಿಯ ಪುಟ್ಟ ಮೇಜಿನಲ್ಲಿ ಕೂರಿಸಿದರು, ಬಂದವರ ಸಹಿ ಹಾಕಿಸಿಕೊಳ್ಳಲು. "ರೀ, ಆ ಬೋರ್ಡು ಓದಿದ್ರಾ?" ಎಂದು ಗಂಡನನ್ನು ಕೇಳಿದೆ. "ಅಮ್ಮನೇ ಸುಮ್ಮನಿದಾಳಲ್ಲ" ಎಂದು ಅವರು ಮೇಜಿನ ಕೆಳಗೆ ನುಸುಳಿ ಒಳಗೆ ಹೋದರು. ಅವತ್ತು ಸದಸ್ಯರೆಲ್ಲ ಹಾಜರಿರಬೇಕಿತ್ತು.

ಅಷ್ಟರಲ್ಲಿ ಒಳಗೆ ಏನಾಗಿತ್ತೆಂದು ಕೇಳಿ. ರೈಲಿನವರಿಗೆ ಬೆಳಿಗ್ಗೆ ಎದ್ದರೆ ಒಂದೇ ಕೆಲಸ, ಹಳಿ ಉಜ್ಜುವುದು. ಹಳಿಯಲ್ಲಿ ಕರೆಂಟು ಹರಿಯುತ್ತದೆ, ಕೊಳೆ ಕೂತರೆ ರೈಲು ಮುಗ್ಗರಿಸುತ್ತದೆ. ಇಪ್ಪತ್ತು ವರ್ಷ ಅದನ್ನೇ ಮಾಡಿದ ಕೈಗಳು. ರಸ್ತೆಯೊಳಗೆ ತಂತಿ ಇದೆ ಅಂದಮೇಲೆ ಕರೆಂಟು ಅದರಲ್ಲೇ ಬರುತ್ತದೆ, ಬಣ್ಣ ಅಡ್ಡ ಬರುತ್ತಿದೆ ಎಂದು ತೀರ್ಮಾನಿಸಿ, ಡಾಕ್ಟರು ಬರುವ ಮೊದಲೇ ಇಬ್ಬರು ಸದಸ್ಯರು ಸೇರಿ ಮರಳು ಕಾಗದದಲ್ಲಿ ಇಡೀ ರಸ್ತೆಯನ್ನು ಉಜ್ಜಿ ತಂತಿ ಹೊಳೆಯುವ ಹಾಗೆ ಮಾಡಿಟ್ಟಿದ್ದರು! ಎಂಟು ತಿಂಗಳ ಕೆಲಸ, ಅರ್ಧ ಗಂಟೆಯಲ್ಲಿ. ಕರೆಂಟು ರಸ್ತೆಯಿಂದಲೇ ಬರುವಾಗ ಬ್ಯಾಟರಿಗೆ ಚಾರ್ಜು ಯಾಕೆ ಎಂದು ಅದನ್ನೂ ಬಿಟ್ಟಿದ್ದರು. ಕೇಳಬಹುದಿತ್ತಲ್ಲ, ಗೊತ್ತಿದ್ದವರು ಹತ್ತು ಹೆಜ್ಜೆ ದೂರದಲ್ಲಿ ಸಹಿ ಹಾಕಿಸಿಕೊಳ್ಳುತ್ತಾ ಕೂತಿದ್ದರು.

ಹನ್ನೊಂದು ಗಂಟೆಗೆ ಕೋಣೆ ಕಿಕ್ಕಿರಿದಿತ್ತು. ಸ್ಟೇಷನ್ ಮಾಸ್ಟರ್ ಗಂಟಲು ಸರಿಮಾಡಿಕೊಂಡು, ತಂತಿಯಲ್ಲಿ ಕರೆಂಟು ಹರಿದು ಬಸ್ಸು ಓಡುವ ತಂತ್ರವನ್ನು ವಿವರಿಸಿದರು. ಬಸ್ಸು ಹೊರಟಿತು. ಬಣ್ಣ ಹೋದ ಕಡೆ ಅಯಸ್ಕಾಂತ ತಂತಿಗೆ ಕಚ್ಚಿಕೊಂಡು, ಬಸ್ಸು ತೆವಳುತ್ತಾ ತೆವಳುತ್ತಾ ಪೇಟೆ ದಾಟಿತು. ಗೇಟಿನ ನಡುವೆ ಹಳಿಯ ಮೇಲೆ ಬಂದದ್ದೇ ಬ್ಯಾಟರಿ ಮುಗಿಯಿತು. ಅದೇ ಹೊತ್ತಿಗೆ ಎಕ್ಸ್‌ಪ್ರೆಸ್ಸು ಸುರಂಗದಿಂದ ಹೊರಬಂತು. ಗೇಟು ತನ್ನ ಪಾಡಿಗೆ ತಾನು ಮುಚ್ಚಿಕೊಂಡಿತು, ಬಸ್ಸು ನಡುವೆ ಸಿಕ್ಕಿಕೊಂಡಿತು. ರೈಲು ನಿಲ್ಲಿಸುವ ಗುಂಡಿ ಸ್ಟೇಷನ್ ಮಾಸ್ಟರ ಬೆರಳಿನ ಕೆಳಗೇ ಇತ್ತು. ಒತ್ತಲಿಲ್ಲ. ನಿಲ್ಲಲ್ಲ ಎಂದು ಹೇಳಿದ್ದರಲ್ಲ, ಮಾತು ಉಳಿಸಿಕೊಂಡರು. ಎಂಜಿನ್ನು ಬಸ್ಸಿಗೆ ಗುದ್ದಿತು, ಬಸ್ಸು ಮಗುಚಿತು, ನಾಲ್ಕು ಬೋಗಿ ಹಳಿ ತಪ್ಪಿ ಒಂದರ ಮೇಲೊಂದು ಬಿದ್ದವು.

ಜನ ಅಯ್ಯಯ್ಯೋ ಎಂದರು, ಆಮೇಲೆ ನಕ್ಕರು. ಸ್ಟೇಷನ್ ಮಾಸ್ಟರ ಮುಖ ಕೆಂಪಾಯಿತು. "ಕ್ಷಮಿಸಿ, ಈ ರಸ್ತೆ ಕೆಲಸ ನಮ್ಮ ಸದಸ್ಯರದ್ದಲ್ಲ. ಹೊರಗಿನವರೊಬ್ಬರು ಮಾಡಿಕೊಟ್ಟಿದ್ದು" ಎಂದುಬಿಟ್ಟರು.

"ಬೋರ್ಡಲ್ಲಿ ಹಾಗೆ ಬರೆದಿಲ್ವಲ್ಲ ಸ್ವಾಮಿ!" ಎಂದು ನಾನು ಕಿರುಚಿದೆ. ಕಿರುಚಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಿಲ್ಲ. ಜನ ತಿರುಗಿ ನನ್ನನ್ನು ನೋಡುತ್ತಿರುವಾಗಲೇ ಅತ್ತೆ ಸಹಿಯ ಪುಸ್ತಕ ಮುಚ್ಚಿಟ್ಟು, ಕೈಚೀಲ ಹೆಗಲಿಗೆ ಹಾಕಿಕೊಂಡು ಬಂದರು. ಯಾರನ್ನೂ ಕೇಳಲಿಲ್ಲ. ಒಂದು ಮಂಡಿಯೂರಿದರು, ಇನ್ನೊಂದು ಮಂಡಿಯೂರಿದರು, ಸೆರಗು ಸಿಕ್ಕಿಸಿಕೊಂಡು ಮೇಜಿನ ಕೆಳಗೆ ನುಸುಳಿದರು. ಇಪ್ಪತ್ತೊಂದು ವರ್ಷಕ್ಕೆ ಅದೇ ಮೊದಲು. ಆಚೆ ಎದ್ದು ನಿಂತಾಗ ಏದುಸಿರು ಬರುತ್ತಿತ್ತು. ಸ್ಟೇಷನ್ ಮಾಸ್ಟರ್ ಬಾಯಿ ತೆರೆದರು. ಎದುರಿಗೆ ನೂರು ಜನ ನೋಡುತ್ತಿರುವುದನ್ನು ಕಂಡು ಮುಚ್ಚಿಕೊಂಡರು.

ಅತ್ತೆ ಚೀಲದಿಂದ ಇನ್ನೊಂದು ಬ್ಯಾಟರಿ ತೆಗೆದು ಹಾಕಿದರು. ಬಗ್ಗಿದ ಕಡ್ಡಿ ನೆಟ್ಟಗೆ ಮಾಡಿದರು. ಉಜ್ಜಿಹೋದ ಕಡೆಯೆಲ್ಲ ತೆಳುವಾದ ಕಾಗದದ ಪಟ್ಟಿ ಅಂಟಿಸಿ ಬೂದುಬಣ್ಣ ಬಳಿದರು. ಮುಕ್ಕಾಲು ಗಂಟೆ ಹಿಡಿಯಿತು. ಜನ ಒಬ್ಬರೂ ಕದಲಲಿಲ್ಲ. ಬಸ್ಸು ಹೊರಟಿತು, ಪೇಟೆ ಸುತ್ತಿತು, ಗೇಟು ಮುಚ್ಚಿತು, ಬಸ್ಸು ಗೇಟಿನ ಮುಂದೆ ಸದ್ದಿಲ್ಲದೆ ನಿಂತಿತು. ರೈಲು ಹೋಯಿತು. ಗೇಟು ತೆರೆಯಿತು. ಬಸ್ಸು ಹೊರಟಾಗ ಆ ಕೋಣೆಯಲ್ಲಿ ಎದ್ದ ಚಪ್ಪಾಳೆಗೆ ಕಿಟಕಿಯ ಗಾಜು ಅದುರಿತು.

"ಸರಿಯಮ್ಮ, ಇನ್ನು ನೀವು ಹೊರಗೆ ಬನ್ನಿ" ಎಂದರು ಸ್ಟೇಷನ್ ಮಾಸ್ಟರ್.

"ಬ್ಯಾಟರಿ ನಲವತ್ತು ನಿಮಿಷ ಬರುತ್ತೆ. ನಲವತ್ತು ನಿಮಿಷಕ್ಕೊಂದು ಸಲ ಮಂಡಿ ಊರಿ ಓಡಾಡೋಕೆ ನನ್ನಿಂದ ಆಗಲ್ಲ" ಎಂದು ಹೇಳಿ ಅತ್ತೆ ಖಾಲಿ ಸ್ಟೂಲೊಂದನ್ನು ಎಳೆದುಕೊಂಡು ಕೂತರು. ಎರಡು ದಿನವೂ ಅಲ್ಲೇ ಕೂತರು. ಎರಡು ದಿನವೂ ಜನ ಮುತ್ತಿಕೊಂಡದ್ದು ಗೇಟಿನ ಹತ್ತಿರವೇ. ರೈಲು ಬಂದರೆ, "ಥೂ, ಮತ್ತೆ ರೈಲು ಬಂತು, ಬಸ್ಸು ನಿಂತುಹೋಯ್ತು" ಎಂದು ಗೊಣಗುವವರೂ ಇದ್ದರು. ಅದನ್ನು ಕೇಳಿ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ.

ಆ ಸಂತೋಷ ಒಂದು ವಾರ ಬಾಳಿತು. ಮುಂದಿನ ಶನಿವಾರ ಸಂಘದ ಸಭೆ. ವಿಷಯ ಒಂದೇ: ರಸ್ತೆ ಸಂಚಾರವನ್ನು ಮುಂದುವರಿಸಬೇಕೇ, ನಿಲ್ಲಿಸಬೇಕೇ. ರೈಲಿನ ಕಡೆಗೆ ಯಾರೂ ನೋಡಲಿಲ್ಲವಂತೆ, ಇದು ರೈಲು ಸಂಘವಂತೆ, ಸಂಘದ ಘನತೆ ಏನಾಗಬೇಕಂತೆ. ಹೊಟ್ಟೆಕಿಚ್ಚಿಗೆ ಘನತೆ ಎಂದು ಹೆಸರಿಟ್ಟರೆ ಅದು ಹೊಟ್ಟೆಕಿಚ್ಚಲ್ಲದೆ ಹೋಗುತ್ತದೆಯೇ?

ನಾನು ನನ್ನ ಗಂಡನಿಗೆ ಬೆಳಿಗ್ಗೆಯಿಂದ ಹೇಳಿ ಹೇಳಿ ಕಳಿಸಿದ್ದೆ. "ರೀ, ಕೈ ಎತ್ತೋದು ಅಷ್ಟೇ ಕೆಲಸ. ನೀವು ಮಾತಾಡಬೇಕಾಗಿಲ್ಲ." "ಆಯ್ತು ಬಿಡೇ, ನೋಡೋಣ" ಎಂದಿದ್ದರು. ನಾನೂ ಅತ್ತೆಯೂ ಹೋಗಿ ಮೇಜಿನ ಹೊರಗೆ ನಿಂತೆವು. ಏಳೂ ಜನ ಒಳಗೆ ಕೂತಿದ್ದರು. ಹಲ್ಲಿನ ಡಾಕ್ಟರು ಮೊದಲು ಮಾತಾಡಿ, ಬಸ್ಸು ಇರಬೇಕು, ಅದನ್ನು ಮಾಡಿದವರಿಗೆ ಒಳಗೊಂದು ಎಂಟನೆಯ ಸ್ಟೂಲೂ ಬೇಕು ಎಂದರು. ಬಸ್ಸಿನ ಪರ ಮೂರು ಕೈ ಎದ್ದವು. ವಿರುದ್ಧ ಮೂರು. ಉಳಿದವರು ಒಬ್ಬರೇ, ನನ್ನ ಗಂಡ. ಎಲ್ಲರೂ ಅವರ ಕಡೆ ತಿರುಗಿದರು. ಅವರು ಸ್ಟೇಷನ್ ಮಾಸ್ಟರನ್ನು ನೋಡಿದರು, ಡಾಕ್ಟರನ್ನು ನೋಡಿದರು, ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡರು.

"ನನ್ನದೇನಿಲ್ಲ. ಬಹುಮತ ಯಾವ ಕಡೆ ಇದೆಯೋ ನಾನೂ ಆ ಕಡೆ" ಎಂದರು.

ಕೇಳಿದಿರಾ? ಅವರ ಕೈ ಏಳದೆ ಅಲ್ಲಿ ಬಹುಮತವೇ ಇರಲಿಲ್ಲ! ಮೂರಕ್ಕೆ ಮೂರು! ಒಂದನೇ ಕ್ಲಾಸಿನ ಮಗುವಿಗೂ ಗೊತ್ತಾಗುವ ಲೆಕ್ಕ. "ರೀ!" ಎಂದು ನಾನು ಹೊರಗಿನಿಂದ ಕೂಗಿದೆ. ಸದಸ್ಯರಲ್ಲದವರು ಸಭೆಯಲ್ಲಿ ಮಾತಾಡಬಾರದು ಎಂದು ಸ್ಟೇಷನ್ ಮಾಸ್ಟರ್ ಬೆರಳೆತ್ತಿದರು. ಸಮಬಲ ಆದ್ದರಿಂದ ಅಧ್ಯಕ್ಷರ ಮತವೇ ಅಂತಿಮ ಎಂದರು. ಜೇಬಿನಿಂದ ಗೋಂದಿನ ಟ್ಯೂಬು ತೆಗೆದರು. ಜೇಬಿನಲ್ಲೇ ಇಟ್ಟುಕೊಂಡು ಬಂದಿದ್ದರು, ಗಮನಿಸಿ. ಬಸ್ಸನ್ನು ಎತ್ತಿ, ನಾಲ್ಕು ಚಕ್ರಕ್ಕೂ ಗೋಂದು ಹಚ್ಚಿ, ಗೇಟಿನ ಮುಂದೆ ಇಟ್ಟು ಒತ್ತಿ ಹಿಡಿದರು. ಗೇಟನ್ನೂ ಅಂಟಿಸಿದರು. ಹಲ್ಲಿನ ಡಾಕ್ಟರು ತಲೆ ತಗ್ಗಿಸಿಕೊಂಡು ಕೂತಿದ್ದರು. ಗೋಂದು ಒಣಗುವ ತನಕ ಅತ್ತೆ ಮೇಜಿನ ಅಂಚಿನ ಮೇಲೆ ಎರಡೂ ಕೈ ಊರಿಕೊಂಡು 'ಒಳಗೆ' ನೋಡುತ್ತಾ ನಿಂತಿದ್ದರು.

ಮನೆಯೊಳಗೆ ಕಾಲಿಟ್ಟದ್ದೇ ನಾನು ಶುರು ಹಚ್ಚಿಕೊಂಡೆ. ಏನೇನು ಅಂದೆನೋ ಎಲ್ಲ ಇಲ್ಲಿ ಬರೆಯುವುದಿಲ್ಲ. ಮೇಲಿನ ಮನೆಯವರು ಕಿಟಕಿ ಮುಚ್ಚಿಕೊಂಡರು ಎಂದಷ್ಟೇ ಹೇಳುತ್ತೇನೆ. ಇವರು ಶೂ ಬಿಚ್ಚುವುದನ್ನೂ ಮರೆತು ನಿಂತಿದ್ದರು. ಕೊನೆಗೆ ನನ್ನನ್ನು ದಾಟಿ ಅಡುಗೆಮನೆಯ ಬಾಗಿಲಿಗೆ ಹೋದರು. ಅತ್ತೆ ಅಲ್ಲಿ ಟೀಗೆ ನೀರಿಟ್ಟಿದ್ದರು.

"ಅಮ್ಮ," ಎಂದರು. "ದೊಡ್ಡವರ ಮಾತಿಗೆ ಎದುರಾಡೋದು ಬೇಡ ಅಂತ ಸುಮ್ಮನಾದೆ ಅಷ್ಟೇ. ನಿನಗೆ ಇದು ಇಷ್ಟು ಮುಖ್ಯ ಅಂತ ನನಗೆ ಗೊತ್ತಾಗಲಿಲ್ಲಮ್ಮ. ಆಣೆ ಮಾಡಿ ಹೇಳ್ತೀನಿ."

ಅತ್ತೆ ಒಲೆ ಆರಿಸಿದರು. ತಿರುಗಿ ಮಗನ ಮುಖಕ್ಕೆ ಮುಖ ಕೊಟ್ಟು ನಿಂತರು. ಒಂದೊಂದೇ ಮಾತು ಬಿಡಿಸಿ ಹೇಳಿದರು.

"ನೀನು ಅವರನ್ನ ನೋಡಿದೆ. ಡಾಕ್ಟರನ್ನ ನೋಡಿದೆ. ನಾನು ನಿನ್ನ ಎದುರಿಗೇ ನಿಂತಿದ್ದೆ ಕಣಪ್ಪ. ತಲೆ ಎತ್ತಿ ಒಂದು ಸಲ ಈ ಕಡೆ ನೋಡಿದ್ದರೆ ಗೊತ್ತಾಗ್ತಿತ್ತು."

ಇವರು ಬಗ್ಗಿ ಶೂ ಬಿಚ್ಚತೊಡಗಿದರು. ನನಗೆ ಅವತ್ತು ಬೈಯಲು ಮತ್ತೇನೂ ಉಳಿದಿರಲಿಲ್ಲ.